ಮೊಮ್ಮಗಳ ಎದುರು ಅಜ್ಜಿ ಹೇಳದೆ ಉಳಿಸಿಕೊಂಡ ಮಾತು

ಎಲ್ಲರಿಗೂ ನಮಸ್ಕಾರ. ಉಡುಪಿ ಹತ್ತಿರದ ಕಟಪಾಡಿಯಿಂದ ಬರೆಯುತ್ತಿದ್ದೇನೆ. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಮಕ್ಕಳ ಶಾಲೆಗೆ ರಜೆ ಸಿಕ್ಕಿದ್ದೇ ತಡ, ಹೊರಟು ಬಂದೆವು. ಇಲ್ಲಿ ತುಳುವರ ಆಟಿ ತಿಂಗಳ ಮಳೆ, ಮೂರು ದಿನದಿಂದ ಒಂದು ಬಟ್ಟೆಯೂ ಒಣಗಿಲ್ಲ. ಚಾವಡಿಯಲ್ಲಿ ಕೂತು ನಮ್ಮ ಲೆಸ್ಟರ್ ಕನ್ನಡಿಗರ ಗುಂಪಿನ ಚರ್ಚೆ ಎಲ್ಲ ಓದಿದೆ. ರಾಜ್ಯೋತ್ಸವದ ಹೊತ್ತಿಗೆ ಲೆಸ್ಟರ್‌ನ ಗುಜರಾತಿ, ಸೊಮಾಲಿ, ಬಾಂಗ್ಲಾ ಗುಂಪುಗಳ ಜೊತೆ ಸೇರಿ ಒಂದು ಆರೋಗ್ಯ ತಪಾಸಣೆ ಇಟ್ಟುಕೊಳ್ಳೋಣ ಎಂದು ನಾನು ಹೇಳಿದ್ದಕ್ಕೆ ಮೂರು ತರಹದ ಉತ್ತರ ಬಂದಿದೆ. ನಮ್ಮಲ್ಲೇ ಇಷ್ಟು ಜನ ಡಾಕ್ಟರ್ ಇರುವಾಗ ಬೇರೆಯವರು ಯಾಕೆ, ಹಬ್ಬದ ದಿನ ಕಾಯಿಲೆ ಮಾತು ಯಾಕೆ, ಆರೋಗ್ಯದ ಅಸಮಾನತೆ ಎಲ್ಲ ಬಡವರ ವಿಷಯ ಅಲ್ವಾ, ನಮಗೇನು. ಮೂರಕ್ಕೂ ಉತ್ತರ ಹೇಳಬೇಕು. ಅದಕ್ಕೆ ಮೊದಲು ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ. ಅತ್ತೆಯ ಹತ್ತಿರ ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಬೇರೆ ಹೆಂಗಸರಿಗಾದ್ರೂ ಉಪಯೋಗ ಆಗ್ಲಿ" ಅಂದರು.

ಹೋದ ವರ್ಷ ಅತ್ತೆ ಆರು ತಿಂಗಳ ಮಟ್ಟಿಗೆ ನಮ್ಮಲ್ಲಿಗೆ ಬಂದಿದ್ದರು. ಸುಸ್ತು ಸುಸ್ತು ಅನ್ನುತ್ತಿದ್ದರು. ಜಿಪಿ, ಅಂದರೆ ಅಲ್ಲಿಯ ಕುಟುಂಬ ವೈದ್ಯರ ಹತ್ತಿರ ಅಪಾಯಿಂಟ್‌ಮೆಂಟ್ ಸಿಕ್ಕಿತು, ಆದರೆ ಆ ದಿನ ನನಗೆ ಕೆಲಸ. ನಮ್ಮವರು ಕರೆದುಕೊಂಡು ಹೋದರು. ಮಗನ ಎದುರು ಅತ್ತೆ ಬಾಯಿ ಬಿಡುವುದಿಲ್ಲ, ಹಾಗಾಗಿ ಅವರು ಚಿಕ್ಕವನ ಜೊತೆ ಹೊರಗೆ ಕೂತು ಹದಿಮೂರು ವರ್ಷದ ಮಗಳನ್ನು ಒಳಗೆ ಕಳಿಸಿದರು. ಭಾರತದವರು ಅಂದ ಕೂಡಲೇ ರಿಸೆಪ್ಷನ್‌ನವರು ಹಿಂದಿ ದುಭಾಷಿಯನ್ನು ಫೋನಿನಲ್ಲಿ ಗೊತ್ತು ಮಾಡಿದ್ದರು. ಅತ್ತೆಗೆ ತುಳು ಬರುತ್ತದೆ, ಕನ್ನಡ ಬರುತ್ತದೆ. ಹಿಂದಿ ಎಂದರೆ ಟಿವಿಯಲ್ಲಿ ಕೇಳಿದ ನಾಲ್ಕು ಮಾತು ಅಷ್ಟೇ. ಆ ಕಡೆಯಿಂದ ಹಿಂದಿಯಲ್ಲಿ ಪ್ರಶ್ನೆ, ಈ ಕಡೆ ಅತ್ತೆ ಸುಮ್ಮನೆ. ಕೊನೆಗೆ ಫೋನ್ ಇಟ್ಟರು, ಮಗಳೇ ದುಭಾಷಿಯಾದಳು. ಅಜ್ಜಿ "ಗ್ಯಾಸ್, ಸುಸ್ತು" ಅಂದರು, ಇವಳು ಅದನ್ನೇ ಹೇಳಿದಳು. ಡಾಕ್ಟರ್ ಗ್ಯಾಸ್ ಮಾತ್ರೆ ಬರೆದುಕೊಟ್ಟರು.

ಅತ್ತೆಗೆ ಇದ್ದದ್ದು ಗ್ಯಾಸ್ ಅಲ್ಲ. ಮುಟ್ಟು ನಿಂತು ಹತ್ತು ವರ್ಷ ದಾಟಿದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತ್ತು. ಮೊಮ್ಮಗಳ ಎದುರು ಅದನ್ನು ಹೇಗೆ ಹೇಳುತ್ತಾರೆ? ನನಗೂ ಹೇಳಲಿಲ್ಲ, ನಾನು ದಿನಾ ಕೆಲಸದಿಂದ ಸೋತು ಬರುವುದನ್ನು ನೋಡಿ. ಎರಡು ತಿಂಗಳು ಒಳಗೇ ಇಟ್ಟುಕೊಂಡು ಊರಿಗೆ ವಾಪಸ್ ಬಂದು, ಇಲ್ಲಿ ಮನೆಗೆ ಬರುವ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ಹತ್ತಿರ, ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಕೂತು, ತುಳುವಿನಲ್ಲಿ ಎರಡು ನಿಮಿಷದಲ್ಲಿ ಹೇಳಿದರಂತೆ. ಮರುದಿನವೇ ಆಶಾ ಅಕ್ಕ ಆಸ್ಪತ್ರೆಗೆ ಕರೆದುಕೊಂಡು ಹೋದರು. ದೇವರ ದಯೆಯಿಂದ ದೊಡ್ಡದೇನೂ ಇರಲಿಲ್ಲ, ಸಣ್ಣ ಆಪರೇಷನ್‌ನಲ್ಲಿ ಮುಗಿಯಿತು. ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನು ಯಾವತ್ತೂ ಬಿಡಬಾರದು, ಗರ್ಭಕೋಶದ ಕ್ಯಾನ್ಸರ್ ಅಲ್ಲ ಎಂದು ನೋಡಿಸಿಕೊಳ್ಳಲೇಬೇಕು. ಇದು ಗೊತ್ತಿದ್ದೂ ನಾನು ಅತ್ತೆಯನ್ನು ಒಂದು ಮಾತು ಕೇಳಲಿಲ್ಲ. ಮಗಳು ಈಗಲೂ ಕೇಳುತ್ತಾಳೆ, "ಅಮ್ಮ, ನಾನು ಸರಿಯಾಗಿ ಹೇಳ್ಲಿಲ್ವಾ?" ಎಂದು. ಈ ಭಾರ ಆ ಮಗುವಿನ ಮೇಲೆ ಬೀಳಬಾರದಿತ್ತು.

ಹಾಗಾಗಿ ಮಕ್ಕಳಿರುವವರಿಗೆ ನನ್ನ ಮೊದಲ ಮಾತು ಇದು. ಮಕ್ಕಳನ್ನು ದುಭಾಷಿ ಮಾಡಬೇಡಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಭಾಷಿಗೆ ನಾವು ದುಡ್ಡು ಕೊಡಬೇಕಾಗಿಲ್ಲ, ಮನೆಯವರನ್ನು ಅದರಲ್ಲೂ ಮಕ್ಕಳನ್ನು ಆ ಕೆಲಸಕ್ಕೆ ಬಳಸಬಾರದು ಎಂದು ಅವರ ಸೂಚನೆಯೇ ಇದೆ. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಕನ್ನಡ ಎಂದು ಹೆಸರು ಹಿಡಿದು ಕೇಳಿ, ಹೆಂಗಸೇ ಬೇಕಾದರೆ ಅದನ್ನೂ ಹೇಳಿ, ದಾಖಲೆಯಲ್ಲಿ ಬರೆಸಿ. ಶನಿವಾರದ ಕನ್ನಡ ಕ್ಲಾಸಿನಲ್ಲಿ ನಮ್ಮ ಮಕ್ಕಳು ಬಣ್ಣ, ಹಣ್ಣು, ಪ್ರಾಣಿಗಳ ಹೆಸರು ಕಲಿಯುತ್ತಾರೆ, ಬಹಳ ಸಂತೋಷ. ಆದರೆ ಕಾಲು ಜೋಮು ಹಿಡಿಯುವುದು ಬೇರೆ, ಸೆಳೆಯುವುದು ಬೇರೆ, ಎದೆ ಉರಿಯುವುದು ಬೇರೆ, ಎದೆ ಹಿಡಿದ ಹಾಗೆ ಆಗುವುದು ಬೇರೆ ಎಂದು ಅವರಿಗೆ ಗೊತ್ತಿಲ್ಲ. ಸಕ್ಕರೆ ಕಾಯಿಲೆ ಇರುವವರು ಪಾದ ಜೋಮು ಹಿಡಿಯುತ್ತದೆ ಅಂದರೆ ಡಾಕ್ಟರ್ ನೋಡುವುದೇ ಬೇರೆ, ಸುಮ್ನೆ ಕಾಲುನೋವು ಅಂದರೆ ನೋಡುವುದೇ ಬೇರೆ. ಈ ಪದಗಳನ್ನು ಮಕ್ಕಳಿಗೆ ಕಲಿಸೋಣ. ಅವು ಅಜ್ಜಿಯ ಜೊತೆ ಮಾತಾಡಲಿಕ್ಕೆ, ಡಾಕ್ಟರ್ ಹತ್ತಿರ ಹೇಳಲಿಕ್ಕೆ ಅಲ್ಲ.

ಈಗ "ನಮಗೇನು" ಅಂದವರಿಗೆ. ನಮ್ಮ ರಕ್ತಕ್ಕೆ ಸಂಬಳದ ಲೆಕ್ಕ ಗೊತ್ತಿಲ್ಲ. ಬ್ರಿಟನ್ನಿನಲ್ಲಿ ದಕ್ಷಿಣ ಏಷ್ಯಾದ ಮೂಲದವರಿಗೆ ಟೈಪ್ 2 ಸಕ್ಕರೆ ಕಾಯಿಲೆ ಬರುವ ಸಾಧ್ಯತೆ ಬಿಳಿಯರಿಗಿಂತ 2ರಿಂದ 4 ಪಟ್ಟು ಜಾಸ್ತಿ. ಅವರಿಗೆ 40 ದಾಟಿದ ಮೇಲೆ ಹೆಚ್ಚುವ ಅಪಾಯ ನಮಗೆ 25ರಿಂದಲೇ ಶುರು. ಸಾಮಾನ್ಯವಾಗಿ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25 ದಾಟಿದರೆ ತೂಕ ಜಾಸ್ತಿ ಅನ್ನುತ್ತಾರೆ. ನಮಗೆ ಆ ಗೆರೆ 23ಕ್ಕೇ ಬರುತ್ತದೆ, 27.5 ದಾಟಿದರೆ ಅವರ 30ಕ್ಕೆ, ಅಂದರೆ ಬೊಜ್ಜಿನ ಗೆರೆಗೆ ಸಮ. ನಮ್ಮ ಯಜಮಾನರು ಗೋಡೆಯ ಮೇಲಿನ ಚಾರ್ಟ್ ನೋಡಿ 24, ಹಸಿರು ಬಣ್ಣದಲ್ಲಿದ್ದೇನೆ ಎಂದು ಎಷ್ಟೋ ವರ್ಷ ನೆಮ್ಮದಿಯಾಗಿದ್ದರು. ಆ ಹಸಿರು ನಮಗಾಗಿ ಬಳಿದದ್ದಲ್ಲ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ದಾಟಬಾರದು. ಟೇಪು ಎಲ್ಲರ ಮನೆಯ ಹೊಲಿಗೆ ಡಬ್ಬದಲ್ಲಿ ಇರುತ್ತದೆ, ಇವತ್ತೇ ನೋಡಿಕೊಳ್ಳಿ.

ನಾವು ಎಂದರೆ ಬರೀ ಸಾಫ್ಟ್‌ವೇರ್‌ನವರು, ಡಾಕ್ಟರ್‌ಗಳು ಅಲ್ಲವಲ್ಲ. ಮಂಗಳೂರಲ್ಲಿ ನರ್ಸಿಂಗ್ ಓದಿ ಬಂದ ಹುಡುಗಿಯರು ಇದ್ದಾರೆ, ರಾತ್ರಿ ಪಾಳಿ ಮಾಡಿ ಬೇರೆಯವರ ಬಿಪಿ ನೋಡುತ್ತಾರೆ, ತಮ್ಮದು ನೋಡಿಕೊಳ್ಳಲಿಕ್ಕೆ ಪುರುಸೊತ್ತು ಇಲ್ಲ. ವೃದ್ಧರ ಮನೆಗಳಲ್ಲಿ ಕೆಲಸ ಮಾಡುವವರಿದ್ದಾರೆ. ಓದಲಿಕ್ಕೆ ಬಂದು ಒಂದೇ ರೂಮಿನಲ್ಲಿ ನಾಲ್ಕು ಜನ ಇದ್ದುಕೊಂಡು ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಹುಡುಗರಿದ್ದಾರೆ. ಅವರಲ್ಲಿ ಎಷ್ಟೋ ಮಂದಿ ಜಿಪಿ ಹತ್ತಿರ ಹೆಸರು ಸಹ ಹಚ್ಚಿಲ್ಲ. ಅವರು ನಮ್ಮ ಯುಗಾದಿ ಊಟಕ್ಕೂ ಬರುವುದಿಲ್ಲ, ಟಿಕೆಟ್ ಇಟ್ಟಿದ್ದೇವಲ್ಲ. ಇದನ್ನು ನಾವು ಸರಿ ಮಾಡಿಕೊಳ್ಳಲೇಬೇಕು.

ಬೇರೆ ಗುಂಪುಗಳು ಯಾಕೆ ಎಂಬ ಪ್ರಶ್ನೆಗೆ ಬರುತ್ತೇನೆ. ಲೆಸ್ಟರ್‌ನಲ್ಲಿ 2021ರ ಜನಗಣತಿಯ ಪ್ರಕಾರ ಯಾವ ಜನಾಂಗವೂ ಅರ್ಧಕ್ಕಿಂತ ಜಾಸ್ತಿ ಇಲ್ಲ. ಏಷ್ಯಾದ ಮೂಲದವರು ಶೇಕಡ 43ರಷ್ಟು, ಬಿಳಿಯರು ಶೇಕಡ 41ರಷ್ಟು. ಇದರಲ್ಲಿ ಕನ್ನಡದವರು ಎಷ್ಟು? ನಾಲ್ಕು ಬೀದಿಗೆ ಒಂದು ಮನೆ. ಫಾರ್ಮಿನಲ್ಲಿ ನಾವು 'ಇಂಡಿಯನ್' ಎಂಬ ಒಂದು ಚೌಕದೊಳಗೆ ಮುಗಿದುಹೋಗುತ್ತೇವೆ, ತುಳು, ಕೊಂಕಣಿ, ಬ್ಯಾರಿ ಅಂತೂ ಲೆಕ್ಕಕ್ಕೇ ಇಲ್ಲ. ನಾವೊಬ್ಬರೇ ಹೋಗಿ ಕನ್ನಡದಲ್ಲಿ ಮಾಹಿತಿ ಕೊಡಿ ಎಂದರೆ ಎಷ್ಟು ಜನಕ್ಕೆ ಎಂದು ಕೇಳುತ್ತಾರೆ. ನಾಲ್ಕಾರು ಗುಂಪುಗಳು ಒಟ್ಟಿಗೆ ಹೋಗಿ, ಶನಿವಾರ ತಪಾಸಣೆ ಬೇಕು, ನಮ್ಮದೇ ಹಾಲ್‌ನಲ್ಲಿ ಬೇಕು, ಹೆಂಗಸರಿಗೆ ಬೇರೆ ಕೋಣೆ ಬೇಕು ಎಂದರೆ ಆಗ ಕೇಳಿಸಿಕೊಳ್ಳುತ್ತಾರೆ. ಕೋವಿಡ್ ಸಮಯದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. 2021ರ ಜನವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನ ಬಾಲ್ಸಲ್ ಹೀತ್‌ನ ಮಸೀದಿಯೇ ಲಸಿಕೆ ಕೇಂದ್ರವಾಯಿತು. ಆಮೇಲೆ ದೇವಸ್ಥಾನ, ಗುರುದ್ವಾರಗಳು ಬಾಗಿಲು ತೆರೆದವು. ಆಸ್ಪತ್ರೆ ಕಳಿಸಿದ ಕಾಗದಕ್ಕೆ ಜಗ್ಗದವರು ತಮ್ಮ ಪರಿಚಯದ ಜಾಗ ಎಂದು ಬಂದು ತೋಳು ಕೊಟ್ಟರು.

ಪರಿಚಯದವರು ಅಂದಾಗ ನೆನಪಾಯಿತು. ಮೊನ್ನೆ ಆಟಿ ಅಮಾವಾಸ್ಯೆ, ಪಾಲೆ ಮರದ ಕಷಾಯ ಕುಡಿಯುವ ದಿನ. ಬೆಳಕು ಹರಿಯುವ ಮೊದಲೇ ನಮ್ಮ ಹಿಂದಿನ ಮನೆಯ ಅಣ್ಣ ಆ ಮರದ ಕೆತ್ತೆ (ತೊಗಟೆ) ತಂದಿದ್ದರು, ಕತ್ತಿ ಮುಟ್ಟಿಸದೆ ಕಲ್ಲಿನಲ್ಲೇ ಜಜ್ಜಿ ತೆಗೆದದ್ದು. ಅತ್ತೆ ಅದನ್ನು ಕಡೆದು ರಸ ಹಿಂಡಿ, ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ, ಬಿಳಿ ಕಲ್ಲನ್ನು ಕೆಂಪಗೆ ಕಾಯಿಸಿ ಪಾತ್ರೆಗೆ ಬಿಟ್ಟರು. ಚುಂಯ್ ಎಂದು ಸದ್ದು, ಹೊಗೆ. ಮಕ್ಕಳು ಇಬ್ಬರೂ ಮೂಗು ಹಿಡಿದು ಒಂದು ಗುಟುಕು ಕುಡಿದರು, ಬಾಯೆಲ್ಲ ಕಹಿ ಎಂದು ಓಡಿ ಹೋಗಿ ಮೆಂತೆ ಗಂಜಿ ತಿಂದರು. ಮಗಳು ಕೇಳಿದಳು, ಇದು ಸರಿಯಾದ ಮರವೇ ಎಂದು ಹೇಗೆ ಗೊತ್ತು ಎಂದು. ಒಳ್ಳೆಯ ಪ್ರಶ್ನೆ. ಕತ್ತಲೆಯಲ್ಲಿ ಗೊತ್ತಿಲ್ಲದವರು ಹೋಗಿ ಪಾಲೆ ಎಂದು ವಿಷದ ಮರ ಕಾಸರಕನ ಕೆತ್ತೆ ತಂದರೆ ಪ್ರಾಣಕ್ಕೇ ಸಂಚಕಾರ. ಅದಕ್ಕೇ ನಮ್ಮ ಬೀದಿಯವರು ಆ ಅಣ್ಣ ತಂದರೆ ಮಾತ್ರ ಕುಡಿಯುವುದು. ಅವರು ಹಗಲಿನಲ್ಲೇ ಮರ ಗುರುತು ಮಾಡಿ ದಾರ ಕಟ್ಟಿ ಬಂದಿರುತ್ತಾರೆ.

ಆ ಅಣ್ಣನ ಹಾಗೆ ನಂಬುವ ಪರಿಚಯದವರಾಗುವುದು, ನಮ್ಮ ಗುಂಪಿನ ಕೆಲಸ ಇಷ್ಟೇ ಎಂದು ನನಗೆ ಅನ್ನಿಸುತ್ತದೆ. ಇಂಗ್ಲೆಂಡಿನಲ್ಲಿ 50ರಿಂದ 74 ವರ್ಷದವರಿಗೆ ಎರಡು ವರ್ಷಕ್ಕೊಮ್ಮೆ ಕರುಳಿನ ಕ್ಯಾನ್ಸರ್ ಪರೀಕ್ಷೆಯ ಕಿಟ್ ಅಂಚೆಯಲ್ಲಿ ಮನೆಗೇ ಬರುತ್ತದೆ. ನಮ್ಮ ಜನ ಅದನ್ನು ವಾಪಸ್ ಕಳಿಸುವುದು ಕಡಿಮೆ. ಗುಂಪಿನ ಒಬ್ಬರು ಅಣ್ಣನ ಮನೆಯಲ್ಲಿ ಅದು ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಹಾಗೇ ಇತ್ತು, ಮಲದ ವಿಷಯ ಎಂದು ಅಸಹ್ಯ. ಅವರದೇ ವಯಸ್ಸಿನ ಇನ್ನೊಬ್ಬರು, ಊಟದ ಪಂಕ್ತಿಯಲ್ಲಿ ಪಕ್ಕ ಕೂರುವವರು, "ನಾನು ಮಾಡಿಸಿದೆ ಮಾರಾಯ್ರೆ, ಎರಡು ನಿಮಿಷದ ಕೆಲಸ" ಎಂದ ಮೇಲೆ ಕಳಿಸಿದರು. 40ರಿಂದ 74ರವರಿಗೆ ಐದು ವರ್ಷಕ್ಕೊಮ್ಮೆ ಉಚಿತ ಹೆಲ್ತ್ ಚೆಕ್ ಇದೆ, 25ರಿಂದ 64ರ ಹೆಂಗಸರಿಗೆ ಗರ್ಭಕೊರಳಿನ ಪರೀಕ್ಷೆ ಇದೆ. ಎಲ್ಲ ಇದೆ. ನಡುವೆ ಒಬ್ಬರು ಪರಿಚಯದವರು ಬೇಕು.

ಆಶಾ ಅಕ್ಕನ ಹತ್ತಿರ ಇದನ್ನೆಲ್ಲ ಹೇಳುತ್ತಿದ್ದೆ. ಅವರು ನಕ್ಕು, ಇದು ಇಲ್ಲಿಯೂ ಹಾಗೇ ಅಂದರು. ಇಲ್ಲಿಯ ಆದಿವಾಸಿಗಳಾದ ಕೊರಗರ ಕಾಲನಿಗೆ ಹೋಗಿ ಕ್ಯಾಂಪ್ ಇದೆ ಬನ್ನಿ ಎಂದು ಕೂಗಿದರೆ ಯಾರೂ ಬರುತ್ತಿರಲಿಲ್ಲವಂತೆ. ಅವರದೇ ಸಂಘದ ಹುಡುಗ ಹುಡುಗಿಯರು ಜೊತೆಗೆ ಕೂತು ದಿನ, ಜಾಗ ನಿಶ್ಚಯ ಮಾಡಿದ ಮೇಲೆ ಬಂದರಂತೆ. ಕೇಳಿ ನನಗೆ ಒಂದು ಕ್ಷಣ ಮಾತು ಹೊರಡಲಿಲ್ಲ. ನಮ್ಮ ಉಡುಪಿ, ದಕ್ಷಿಣ ಕನ್ನಡದಲ್ಲೇ ಈ ಕೊರಗ ಜನರಿಗೆ ಅಜಲು ಎಂಬ ಅಮಾನವೀಯ ಪದ್ಧತಿಯ ಹೆಸರಿನಲ್ಲಿ ಏನೇನು ಮಾಡಿದರು, ಅದನ್ನು ನಿಲ್ಲಿಸಲಿಕ್ಕೆ 2000ದಲ್ಲಿ ಕಾನೂನೇ ಬರಬೇಕಾಯಿತು. ನಾನು ಹುಟ್ಟಿ ಬೆಳೆದದ್ದು ಇಲ್ಲಿಯೇ, ಆಸ್ಪತ್ರೆಯಲ್ಲಿ ಅವರ ಸರದಿ ಯಾವಾಗ ಬರುತ್ತದೆ ಎಂದು ಒಂದು ದಿನವೂ ಯೋಚಿಸಿದವಳಲ್ಲ. ಪರದೇಶದಲ್ಲಿ ನನ್ನ ಅತ್ತೆಯ ಮಾತು ಯಾರಿಗೂ ತಿಳಿಯಲಿಲ್ಲ ಎಂದಾಗ ನೋವಾಯಿತು. ನಾವು ಸೊಮಾಲಿ ಅಕ್ಕಂದಿರ ಜೊತೆ ಸೇರಲಿಕ್ಕೆ ಯಾಕೆ ಹಿಂಜರಿಯುತ್ತೇವೆ ಎಂಬುದಕ್ಕೂ ಊರಲ್ಲೇ ಕೊರಗರನ್ನು ದೂರ ಇಟ್ಟದ್ದಕ್ಕೂ ಸಂಬಂಧ ಇದೆ. ಮಕ್ಕಳು ನಮ್ಮನ್ನು ನೋಡುತ್ತಾ ಇರುತ್ತಾರೆ.

ಚಿಕ್ಕ ಮಕ್ಕಳ ತಾಯಂದಿರು ವಿಟಮಿನ್ ಡಿ ಬಗ್ಗೆ ಕೇಳಿದ್ದರು. ಒಂದರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಾ 10 ಮೈಕ್ರೋಗ್ರಾಂ, ವರ್ಷಪೂರ್ತಿ. ದೊಡ್ಡವರು ಚಳಿಗಾಲದಲ್ಲಿ ತೆಗೆದುಕೊಳ್ಳಬೇಕು, ನಮ್ಮ ಮೈಬಣ್ಣದವರು ವರ್ಷವಿಡೀ ತೆಗೆದುಕೊಳ್ಳುವುದು ಒಳ್ಳೆಯದು, ಅಲ್ಲಿಯ ಬಿಸಿಲು ನಮ್ಮ ಚರ್ಮಕ್ಕೆ ಸಾಲದು. ಅಪ್ಪ ಅಮ್ಮನನ್ನು ಕರೆಸಿಕೊಳ್ಳುವವರು ಇನ್ಶೂರೆನ್ಸ್ ಇಲ್ಲದೆ ಕರೆಸಬೇಡಿ. ಜಿಪಿ ನೋಡುವುದಕ್ಕೆ ದುಡ್ಡಿಲ್ಲ, ಆದರೆ ವಿಸಿಟರ್ ವೀಸಾದವರು ಆಸ್ಪತ್ರೆಗೆ ಸೇರಿದರೆ ಎನ್‌ಎಚ್‌ಎಸ್ ದರದ ಒಂದೂವರೆ ಪಟ್ಟು ಬಿಲ್ ಬರುತ್ತದೆ. ಸ್ಟೂಡೆಂಟ್ ಹುಡುಗರಿಗೆ ಒಂದು ಮಾತು, ಸ್ಟೆಮ್ ಸೆಲ್ (ರಕ್ತ ಹುಟ್ಟಿಸುವ ಜೀವಕೋಶ) ದಾನಿಗಳ ಪಟ್ಟಿಗೆ ಹೆಸರು ಕೊಡಿ. ರಕ್ತದ ಕ್ಯಾನ್ಸರ್ ಆದ ನಮ್ಮವರಿಗೆ ಹೊಂದುವ ದಾನಿ ಸಿಗುವುದು ಬಹಳ ಕಷ್ಟ. ಕೆನ್ನೆಯ ಒಳಗೆ ಹತ್ತಿಯ ಕಡ್ಡಿ ಸವರಿದರೆ ಆಯಿತು.

ಹಬ್ಬದ ದಿನ ಬೇಡ ಎನ್ನುವವರ ಮಾತು ಒಪ್ಪುತ್ತೇನೆ. ಹಬ್ಬಕ್ಕೆ ಮುಂಚಿನ ಶನಿವಾರ ಇಟ್ಟುಕೊಳ್ಳೋಣ, ಗುಜರಾತಿ ಗುಂಪಿನವರ ಹಾಲ್‌ನಲ್ಲಿ. ಅವರು ಜಾಗ ಕೊಡುತ್ತಾರೆ, ಸೊಮಾಲಿ ಅಕ್ಕಂದಿರು ಚಹಾ ನೋಡಿಕೊಳ್ಳುತ್ತಾರೆ, ಬಿಪಿ ಮತ್ತು ಶುಗರ್ ನೋಡಲಿಕ್ಕೆ ನಮ್ಮ ನರ್ಸ್ ಹುಡುಗಿಯರು ಇಬ್ಬರು ಒಪ್ಪಿದ್ದಾರೆ. ಗೋದಾಮಿನ ಹುಡುಗರು ಪಾಳಿ ಮುಗಿಸಿ ಬರುವ ಹಾಗೆ ಸಂಜೆ ಏಳರವರೆಗೆ ತೆರೆದಿಡೋಣ, ಟಿಕೆಟ್ ಬೇಡ. ಬಾಗಿಲಲ್ಲಿ ನಿಂತು ಮಾತಾಡಿಸಲಿಕ್ಕೆ ಕೊಂಕಣಿ ಬರುವವರು ಇಬ್ಬರು, ಬ್ಯಾರಿ ಬರುವವರು ಒಬ್ಬರು ಬೇಕು. ತುಳುವಿಗೆ ನಾನಿದ್ದೇನೆ. ಇಪ್ಪತ್ತೈದನೇ ತಾರೀಕಿನ ಒಳಗೆ ಹೆಸರು ಕೊಡಿ, ನಾನು ವಾಪಸ್ ಬಂದ ಕೂಡಲೇ ಎಲ್ಲರಿಗೂ ಫೋನ್ ಮಾಡುತ್ತೇನೆ. ಅತ್ತೆ ಮೆಂತೆ ಗಂಜಿಗೆ ಕುಚ್ಚಲಕ್ಕಿ ಕಟ್ಟಿಕೊಡುತ್ತೇನೆ ಅಂದಿದ್ದಾರೆ, ಎಷ್ಟು ಕಿಲೋ ಬೇಕು ಎಂದೂ ಹೇಳಿ.