ತಿರುಗುವ ಎಲ್‌ಇಡಿ ಗೇಮ್ ಕನ್ಸೋಲ್: ಮಾಡಿದವರು ಅನುಭವ ಹೇಳಿ

ಪ್ರಶ್ನೆ: ಕಾಲೇಜಿನ ಮೂವರು ಸೇರಿ ಎಲ್‌ಇಡಿ ಪಟ್ಟಿ ತಿರುಗಿಸಿ ಗಾಳಿಯಲ್ಲಿ ಚಿತ್ರ ಮೂಡಿಸುವ ಗೇಮ್ ಕನ್ಸೋಲ್ ಮಾಡಬೇಕು ಅಂತಿದ್ದೇವೆ. ಡಿಸೈನ್, ಕೋಡ್ ಎಲ್ಲ ಓಪನ್ ಸೋರ್ಸ್. ಯಾವ ಎಲ್‌ಇಡಿ ತಗೊಳ್ಳೋಣ? ತಿರುಗುವ ಬೋರ್ಡಿಗೆ ಕರೆಂಟ್ ಹೇಗೆ ಕೊಡೋದು?

ಉತ್ತರ 1: ಎಲ್‌ಇಡಿ ಕೊಳ್ಳುವ ಮೊದಲು ಒಂದು ಲೆಕ್ಕ ಹಾಕಿ. ನಿಮಿಷಕ್ಕೆ 1200 ಸುತ್ತು ಅಂದ್ರೆ ಒಂದು ಸುತ್ತಿಗೆ 50 ಮಿಲಿಸೆಕೆಂಡ್. ದುಂಡು ಚಿತ್ರವನ್ನು ನಡುವಿನಿಂದ ಅಂಚಿಗೆ 256 ಗೆರೆ ಅಂತ ಇಟ್ಟುಕೊಂಡು ಆ ಸಮಯ ಹಂಚಿದರೆ ಒಂದೊಂದಕ್ಕೆ ಸಿಗುವುದು ಸುಮಾರು 195 ಮೈಕ್ರೋಸೆಕೆಂಡ್ ಅಷ್ಟೇ. ಎಲ್ಲ ಕಡೆ ಸಿಗುವ ಡಬ್ಲ್ಯುಎಸ್2812 ಅನ್ನೋ ಬಣ್ಣದ ಎಲ್‌ಇಡಿ, ಒಂದರ ಡೇಟಾ ಕಳಿಸೋಕೇ 30 ಮೈಕ್ರೋಸೆಕೆಂಡ್ ತಿನ್ನುತ್ತದೆ. ಪಟ್ಟಿಯಲ್ಲಿ 50 ಇದ್ದರೆ ಒಂದೂವರೆ ಮಿಲಿಸೆಕೆಂಡ್ ಆಯ್ತು, ಅಷ್ಟರಲ್ಲಿ ಎಲ್‌ಇಡಿ ಇರುವ ತೋಳು ಏಳು ಗೆರೆ ದಾಟಿ ಹೋಗಿರುತ್ತದೆ. ಹಾಗಾಗಿ ಎಪಿಎ102 ಅನ್ನೋ ಎಲ್‌ಇಡಿ ತಗೊಳ್ಳಿ. ರೇಟು ಜಾಸ್ತಿ, ಆದ್ರೆ ಕ್ಲಾಕ್‌ಗೆ ಬೇರೆ ವೈರ್ ಇರುವುದರಿಂದ 10 ಮೆಗಾಹರ್ಟ್ಸ್‌ನಲ್ಲೇ 50 ಎಲ್‌ಇಡಿಯ ಡೇಟಾ ಸುಮಾರು 170 ಮೈಕ್ರೋಸೆಕೆಂಡಿನಲ್ಲಿ ಹೋಗಿಬಿಡುತ್ತದೆ. ಅದರಲ್ಲಿ ಬ್ರೈಟ್‌ನೆಸ್‌ಗೆ ಅಂತ ಬೇರೆ 5 ಬಿಟ್ ಇದೆಯಲ್ಲ, ಅದನ್ನು ಪೂರ್ತಿ 31ಕ್ಕೇ ಇಡಿ. ಇಳಿಸಿದರೆ ಎಲ್‌ಇಡಿ ಸೆಕೆಂಡಿಗೆ 600ಕ್ಕಿಂತ ಕಡಿಮೆ ಸಲ ಮಿನುಗುತ್ತದೆ, ತಿರುಗುವಾಗ ಚಿತ್ರ ತುಂಡು ತುಂಡಾಗಿ ಕಾಣುತ್ತದೆ. ಬೆಳಕು ಕಡಿಮೆ ಬೇಕಿದ್ದರೆ ಕೆಂಪು, ಹಸಿರು, ನೀಲಿಯ ನಂಬರನ್ನೇ ಇಳಿಸಿ.

ತೋಳು ಎಲ್ಲಿದೆ ಅಂತ ತಿಳಿಯೋಕೆ ಹಾಲ್ ಸೆನ್ಸರ್ (ಮ್ಯಾಗ್ನೆಟ್ ಹತ್ತಿರ ಬಂದರೆ ಸಿಗ್ನಲ್ ಕೊಡುವ ಚಿಪ್) ಒಂದೇ ಸಾಕು, ಸುತ್ತಿಗೆ ಒಂದು ಪಲ್ಸ್. ಹಿಂದಿನ ಸುತ್ತಿನ ಟೈಮನ್ನು 256ರಿಂದ ಭಾಗಿಸಿಕೊಂಡು ಹೋಗಿ, ಒಂದೊಂದು ಗೆರೆಯ ಟೈಮ್ ಸಿಗುತ್ತದೆ. ಎ3144 ಅನ್ನೋ ಹಾಲ್ ಸೆನ್ಸರ್ ಹಾಕಿದ್ದರೆ ಮ್ಯಾಗ್ನೆಟ್‌ನ ಒಂದು ಮುಖಕ್ಕೆ ಮಾತ್ರ ಕೆಲಸ ಮಾಡುತ್ತದೆ, ಅಂಟಿಸುವ ಮೊದಲು ತಿರುವಿ ನೋಡಿ.

ಉತ್ತರ 2: ಕರೆಂಟ್ ವಿಷಯಕ್ಕೆ ಬರ್ತೀನಿ. 50 ಎಲ್‌ಇಡಿ ಪೂರ್ತಿ ಬಿಳಿ ಉರಿದರೆ 5 ವೋಲ್ಟ್‌ನಲ್ಲಿ ಸುಮಾರು 3 ಆಂಪ್ ಬೇಕು, ಸ್ಲಿಪ್ ರಿಂಗ್ (ತಿರುಗುವ ಭಾಗಕ್ಕೆ ಬ್ರಷ್ ಮೂಲಕ ಕರೆಂಟ್ ದಾಟಿಸುವ ಉಂಗುರ) ಅಷ್ಟು ತಡೆಯುವಂಥದ್ದೇ ಇರಲಿ. ಬ್ರಷ್ ಒಂದು ಕ್ಷಣ ಬಿಟ್ಟರೂ ಎಲ್‌ಇಡಿ ನಡೆಸುವ ಇಎಸ್‌ಪಿ32 ಚಿಪ್ ರೀಸೆಟ್ ಆಗುತ್ತದೆ, ಬೋರ್ಡಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಜಾಯ್‌ಸ್ಟಿಕ್ ಸಿಗ್ನಲ್ ರಿಂಗ್ ಮೂಲಕ ಬೇಡ, ಇಎಸ್‌ಪಿ-ನೌನಲ್ಲಿ (ಇಎಸ್‌ಪಿ ಚಿಪ್‌ಗಳು ವೈರ್ ಇಲ್ಲದೆ ಮಾತಾಡುವ ವಿಧಾನ) ಕಳಿಸಿ.

ದಯವಿಟ್ಟು ಗಾರ್ಡ್ ಇಲ್ಲದೆ ಆನ್ ಮಾಡಬೇಡಿ. 15 ಸೆಂಟಿಮೀಟರ್ ತೋಳಿನ ತುದಿ ನಿಮಿಷಕ್ಕೆ 1200 ಸುತ್ತಿನ ವೇಗದಲ್ಲಿ ಗಂಟೆಗೆ 68 ಕಿಲೋಮೀಟರ್ ಓಡುತ್ತಿರುತ್ತದೆ. ಅಲ್ಲಿ ಕೂತ 1 ಗ್ರಾಂ ಸ್ಕ್ರೂ 240 ಗ್ರಾಂ ತೂಗುವಷ್ಟು ಹೊರಗೆ ಎಳೆಯುತ್ತದೆ. ಪಾಲಿಕಾರ್ಬೊನೇಟ್ ಶೀಟ್ ಮುಂದೆ ಇರಲೇಬೇಕು. ಮೋಟಾರಿಗೆ ಕೂರಿಸುವ ಮೊದಲು ತೋಳನ್ನು ಸ್ಕ್ರೂಡ್ರೈವರ್ ಮೇಲೆ ಅಡ್ಡ ಇಟ್ಟು ಯಾವ ಕಡೆ ವಾಲುತ್ತದೆ ನೋಡಿ, ಹಗುರ ಇರುವ ಕಡೆ ನಟ್ ಸೇರಿಸಿ.

ಉತ್ತರ 3: ಇಬ್ಬರೂ ಹಾರ್ಡ್‌ವೇರ್ ಹೇಳಿದರು, ನಾನು ಆಟದ ಬಗ್ಗೆ ಹೇಳ್ತೀನಿ, ನನಗೆ ಅದೇ ಮುಖ್ಯ. ದುಂಡು ಸ್ಕ್ರೀನಿಗೆ ಟೆಟ್ರಿಸ್ ತುರುಕಬೇಡಿ. ಇಲ್ಲಿ ನಡುವೆ ಪಿಕ್ಸೆಲ್ ಒತ್ತಾಗಿರುತ್ತದೆ, ಅಂಚಿನಲ್ಲಿ ಹಿಗ್ಗುತ್ತದೆ. ಆಳವಾದ ಸುರಂಗದೊಳಗೆ ಇಣುಕಿದ ಹಾಗೆ ತಾನೇ ಕಾಣುತ್ತದೆ ಅಲ್ವಾ? ಅಟಾರಿಯ ಟೆಂಪೆಸ್ಟ್ (1981), ಕೊನಾಮಿಯ ಗೈರಸ್ (1983) ಇಂಥ ಆಟಗಳೇ, ಶತ್ರುಗಳು ನಡುವಿನಿಂದ ಹೊರಟು ಅಂಚಿಗೆ ಬರುತ್ತವೆ. ಅರ್ಜೆಂಟೀನಾದವರ ವೆಂಟಿಲಾಸ್ಟೇಷನ್ ಕೋಡ್ ಓದಿ, ಫ್ಯಾನ್‌ನಿಂದ ಮಾಡಿದ ಓಪನ್ ಸೋರ್ಸ್ ಕನ್ಸೋಲ್ ಅದು, ಆಟ ಬರೆಯೋದು ಮೈಕ್ರೋಪೈಥಾನ್‌ನಲ್ಲಿ (ಚಿಕ್ಕ ಚಿಪ್‌ಗಳಿಗೆ ಅಂತ ಮಾಡಿದ ಪೈಥಾನ್). ನಿಮ್ಮದನ್ನು ಹೊರಗೆ ಬಿಡುವಾಗ ಕೋಡಿಗೂ ಬೋರ್ಡಿನ ಡಿಸೈನಿಗೂ ಲೈಸೆನ್ಸ್ ಫೈಲ್ ಹಾಕಿ, ಅದಿಲ್ಲದೆ ಬೇರೆಯವರು ಬಳಸೋ ಹಾಗಿಲ್ಲ. ವಿಡಿಯೊ ತೆಗೆಯುವಾಗ ಫೋನಿನ ಶಟರ್ ಸೆಕೆಂಡಿನ 1/20ಕ್ಕೆ, ಅಂದ್ರೆ ಪೂರ್ತಿ ಒಂದು ಸುತ್ತಿನ ಸಮಯಕ್ಕೆ ಇಡಿ, ಇಲ್ಲದಿದ್ದರೆ ಚಿತ್ರ ಅರ್ಧಂಬರ್ಧ ಬರುತ್ತದೆ.