ಕೆಲಸ ಸಿಕ್ಕರೂ ಹುಡುಗ್ರು ಎರಡೇ ತಿಂಗಳಿಗೆ ವಾಪಸ್ ಬರಾಕತ್ತಾರ, ಅನುಭವ ಇದ್ದೋರು ಹೇಳ್ರಿ

ಶಹಾಪುರದಿಂದ:
ಎಲ್ಲಾರಿಗೂ ನಮಸ್ಕಾರ್ರೀ. ನಮ್ಮೂರ ಕೇರಿಯಾಗ ಸಂಜೀಕ ಟ್ಯೂಷನ್ ನಡಸ್ತೀನಿ. ಹೋದ ವರ್ಷ ಪಿಯುಸಿ, ಐಟಿಐ ಮುಗಿಸಿದ 9 ಮಂದಿನ ಬೆಂಗಳೂರಿಗೆ ಕೆಲಸಕ್ಕ ಕಳ್ಸಿದ್ವಿ, 6 ಮಂದಿ ಎರಡು ತಿಂಗಳದಾಗ ತಿರುಗಿ ಬಂದಾರ. ಊರಾಗ "ಇವಕ್ಕ ದುಡಿಯೋದು ಬ್ಯಾಡಾಗೇದ" ಅಂತಾರ, ನನಗ ಹಂಗ ಅನಸಂಗಿಲ್ಲ, ಇದೇ ಮಕ್ಕಳು ಸೂಟಿಯಾಗ ಹತ್ತಿ ಬಿಡಸಾಕ ಹೋಗಿ ತಮ್ಮ ಫೀಸು ತಾವೇ ಕಟ್ಟಿದವ್ರು. ನಮ್ಮ ಕಡೆಯಿಂದ ಎಲ್ಲಿ ತಪ್ಪಾತು?

ಪೀಣ್ಯದಿಂದ:
ಮೇಡಂ, ನಿಮಗೆ ಅನ್ಸಿರೋದೇ ಸರಿ. ನಾನು 11 ವರ್ಷ ಫ್ಯಾಕ್ಟರಿಲಿ ಸೂಪರ್‌ವೈಸರ್ ಆಗಿದ್ದೆ, ಈಗ ಹುಡುಗರನ್ನ ಕೆಲಸಕ್ಕೆ ಸೇರಿಸ್ತೀನಿ. ನಾನು ನೋಡಿರೋ ಮಟ್ಟಿಗೆ ಅವರು ಬಿಟ್ಟು ಹೋಗೋದು ಕೆಲಸ ಕಷ್ಟ ಅಂತಲ್ಲ, ಮೊದಲ ಸಂಬಳ ಬರೋ ತನಕ ಜೀವನ ಮಾಡೋಕೆ ದುಡ್ಡಿರಲ್ಲ ಅಷ್ಟೇ. ನೀವೇ ಲೆಕ್ಕ ಹಾಕಿ, ಹಾಜರಿ ಒಂದು ತಿಂಗಳ 26ರಿಂದ ಮುಂದಿನ ತಿಂಗಳ 25ರ ತನಕ ಹಿಡಿದು ಸಂಬಳ ಅದಾದ್ಮೇಲಿನ 7ಕ್ಕೆ ಕೊಡೋ ಕಡೆ, ಜೂನ್ 28ಕ್ಕೆ ಸೇರಿದವನಿಗೆ ಮೊದಲ ಸಂಬಳ ಆಗಸ್ಟ್ 7ಕ್ಕೆ, ಅಂದ್ರೆ 40 ದಿನ, ಅಷ್ಟರಲ್ಲಿ ರೂಮಿನ ಅಡ್ವಾನ್ಸು, ಊಟ, ಬಸ್ಸು, ಮನೇಲಿ ಕೊಟ್ಟು ಕಳಿಸಿರೋದು ಎರಡು ಸಾವಿರ.

ನನ್ನ ಲೈನಲ್ಲೇ ಒಬ್ಬ ಹುಡುಗ ಇದ್ದ, ಡ್ರಿಲ್ಲಿಂಗ್ ಮಷೀನ್ ಮೇಲೆ ಕೈ ಬೇಗ ಕೂತಿತ್ತು. ಮಧ್ಯಾಹ್ನ ಕ್ಯಾಂಟೀನಲ್ಲಿ ಎರಡೆರಡು ಸಲ ಅನ್ನ ಹಾಕಿಸ್ಕೊಳ್ಳೋನು, ಎರಡು ಚಪಾತಿ ಪೇಪರಲ್ಲಿ ಸುತ್ತಿ ಜೇಬಿಗಿಟ್ಕೊಳ್ಳೋನು. ವಯಸ್ಸಿನ ಹುಡುಗ, ಹಸಿವು ಜಾಸ್ತಿ ಅನ್ಕೊಂಡೆ, ಅದೇ ಅವನ ರಾತ್ರಿ ಊಟ ಅಂತ ನನಗೆ ಹೊಳೀಲೇ ಇಲ್ಲ. 23ನೇ ದಿನ ಬರ್ಲಿಲ್ಲ. ಫೋನ್ ಮಾಡಿದ್ರೆ ಸಿಗ್ತಿಲ್ಲ, ರೀಚಾರ್ಜ್ ಮುಗಿದು ಎಷ್ಟೋ ದಿನ ಆಗಿತ್ತಂತೆ. ರಿಜಿಸ್ಟರಲ್ಲಿ "ಹೇಳದೇ ಬಿಟ್ಟು ಹೋಗಿದ್ದಾನೆ" ಅಂತ ಬರೆದಿದ್ದು ನಾನೇ, ಅದು ಇವತ್ತಿಗೂ ಕೊರೀತದೆ.

ಈಗ ನಾವು ಒಂದಷ್ಟು ಜನ ಸೇರಿ ದುಡ್ಡು ಹಾಕಿದೀವಿ, ಹೊರಡೋ ಪ್ರತಿಯೊಬ್ಬರಿಗೂ 8 ಸಾವಿರ ಕೈಗಡ, ಬಡ್ಡಿ ಇಲ್ಲ, ಎರಡನೇ ಸಂಬಳದಿಂದ ತಿಂಗಳಿಗೆ ಸಾವಿರದ ಹಾಗೆ ವಾಪಸ್. ದಾನ ಅಂದ್ರೆ ಇಸ್ಕೊಳ್ಳೋಕೆ ಸಂಕೋಚ ಪಡ್ತಾರೆ, ಕೈಗಡ ಅಂದ್ರೆ ತಲೆ ಎತ್ತಿ ಇಸ್ಕೋತಾರೆ. ಸೇರೋ ತಾರೀಕನ್ನೂ ನಾವೇ ಮಾತಾಡಿ 15ರ ಒಳಗೆ ಮಾಡಿಸ್ತೀವಿ, ಮುಂದಿನ 7ಕ್ಕೆ ಹತ್ತು ದಿನದ ಸಂಬಳನಾದ್ರೂ ಕೈಗೆ ಸಿಗುತ್ತೆ.

ಇನ್ನೊಂದು, ಸಂಬಳದ ಚೀಟಿ. 15 ಸಾವಿರ ಅಂತ ಹೇಳಿ 13,447 ಬಂದ್ರೆ ಮೋಸ ಆಯ್ತು ಅಂತ ರೇಗಿ ಬಿಡ್ತಾರೆ. ಅದರಲ್ಲಿ ಬೇಸಿಕ್, ಅಂದ್ರೆ ಮೂಲ ಸಂಬಳ, 12 ಸಾವಿರ ಇದ್ರೆ ಅದಕ್ಕೆ ಪಿಎಫ್ (ಮುಂದಕ್ಕೆ ಅವರ ಹೆಸರಲ್ಲೇ ಉಳಿಯೋ ದುಡ್ಡು) 12% ಅಂದ್ರೆ 1,440, ಪೂರ್ತಿ ಸಂಬಳದ ಮೇಲೆ ಇಎಸ್‌ಐ (ಆಸ್ಪತ್ರೆ ಖರ್ಚಿನ ವಿಮೆ) 0.75% ಅಂದ್ರೆ 113, ಇದನ್ನ ಊರಲ್ಲೇ ಬೋರ್ಡ್ ಮೇಲೆ ಬರೆದು ತೋರ್ಸಿ. ಇಎಸ್‌ಐಲಿ ಅವರಿಗಷ್ಟೇ ಅಲ್ಲ, ಅವರನ್ನೇ ನಂಬ್ಕೊಂಡಿರೋ ಅಪ್ಪ ಅಮ್ಮಂಗೂ ಆಸ್ಪತ್ರೆ ಇದೆ ಅಂತ ಗೊತ್ತಾದ್ರೆ ಆ 113 ರೂಪಾಯಿ ಕಣ್ಣಿಗೇ ಬೀಳಲ್ಲ. ಹಾಗೇ ಆಧಾರ್ ಮತ್ತೆ ಹತ್ತನೇ ಕ್ಲಾಸ್ ಮಾರ್ಕ್ಸ್ ಕಾರ್ಡ್ ಪಕ್ಕಪಕ್ಕ ಇಟ್ಟು ಹೆಸರು, ಹುಟ್ಟಿದ ತಾರೀಕು ಒಂದೇ ಇದೆಯಾ ನೋಡಿ, ಇಲ್ದಿದ್ರೆ ಪಿಎಫ್ ಅಲ್ಲೇ ಸಿಕ್ಕಾಕೊಳ್ಳುತ್ತೆ. ಆಧಾರಲ್ಲಿ ಹೆಸರು ಬದಲಾಯಿಸೋಕೆ ಎರಡೇ ಸಲ ಅವಕಾಶ, ಹುಟ್ಟಿದ ತಾರೀಕಿಗೆ ಒಂದೇ ಸಲ, ಅವಸರದಲ್ಲಿ ಎಲ್ಲೋ ಕೂತು ತಪ್ಪು ಮಾಡಿಸ್ಬೇಡಿ.

ಹೊಸಪೇಟೆಯಿಂದ:
ಅಕ್ಕಾರ, ಮ್ಯಾಲಿನ ಅಣ್ಣಾರು ರೊಕ್ಕದ್ದು ಹೇಳಿದ್ರು, ನಾನು ಜಾತಿದು ಹೇಳ್ತೀನಿ, ಇದನ್ನ ಯಾರೂ ಬಾಯಿಬಿಟ್ಟು ಹೇಳಂಗಿಲ್ಲ. ಮನಿ ಬಾಡಿಗಿ ಕೇಳಾಕ ಹೋದ್ರ ಮೊದಲು "ನೀವು ಯಾವ ಮಂದಿ" ಅಂತಾರ. ನಮ್ಮ ಇಬ್ಬರು ಹುಡುಗಿಯರು ಹದಿನೈದು ದಿನ ಇದ್ದ ಮ್ಯಾಲೆ ಓನರಿಗೆ ಗೊತ್ತಾಗಿ ರೂಮ್ ಖಾಲಿ ಮಾಡ್ಸಿದ್ರು, ಮನ್ಯಾಗ ಹೇಳಿದ್ರ ವಾಪಸ್ ಕರಸ್ತಾರಂತ ಹುಡುಗಿಯರು ಸುಮ್ಮನಿದ್ರು, ಎರಡು ರಾತ್ರಿ ಗೆಳತಿ ಪಿಜಿಯಾಗ ಕದ್ದು ಮಲಗ್ಯಾರ. ಅದಕ್ಕ ಒಬ್ಬೊಬ್ಬರನ್ನ ಕಳಸಬ್ಯಾಡ್ರಿ, ಮೂರು ನಾಕು ಮಂದಿ ಕೂಡಿಸಿ ಕಳಸ್ರಿ, ನಿಮ್ಮ ಕೇರಿಯವ್ರೇ ಮೊದಲ ಹೋಗಿ ನೆಲಿ ನಿಂತವ್ರು ಇದ್ರ ಅವ್ರ ರೂಮಿನ ಹತ್ತಿರಾನ ನೋಡ್ರಿ. ಉಳಿದ ಆ ಮೂರು ಮಂದಿ ಎಲ್ಲಿ ಅದಾರ, ಹೆಂಗ ಉಳದ್ರು ಅಂತ ಅವ್ರನ್ನ ಕೇಳೀರೇನು?

ಮತ್ತ ನಮ್ಮ ಕಡೆ ದೇವದಾಸಿ ತಾಯಂದಿರ ಮಕ್ಕಳು ಭಾಳ ಅದಾರ. ಒಬ್ಬಾಕಿ ಜೊತಿ ನಾನೇ ಹೋಗಿದ್ದೆ, ಫಾರ್ಮ್ ಚಂದಾಗಿ ತುಂಬಿಕೋತ ಬಂದಾಕಿ ತಂದೆ ಹೆಸರಿನ ಜಾಗಕ್ಕ ಪೆನ್ನು ನಿಲ್ಸಿಬಿಟ್ಲು, ಹಿಂದ ಲೈನಾಗ ನಿಂತವ್ರು ಇಣುಕಿ ನೋಡಾಕತ್ತಿದ್ರು, ಎದ್ದು ಹೊರಗ ಬಂದ್ಲು. ಈಗ ನಾನು ಮೊದಲೇ ಎಚ್‌ಆರ್‌ಗೆ ಫೋನ್ ಹಚ್ಚಿ ತಾಯಿ ಹೆಸರು ಬರೀತೀವಿ, ಎಲ್ಲಾರ ಮುಂದ ಕೇಳಬ್ಯಾಡ್ರಿ ಅಂತ ಹೇಳಿರ್ತೀನಿ. ಬಹಳಷ್ಟು ಮಂದಿ ಒಪ್ಪಾರ. ಆಕಿ ಈಗ ಕೊಪ್ಪಳದಾಗ ಕೆಲಸದಾಗ ಅದಾಳ, ಎರಡು ವರ್ಷ ಆತು.

ಮೈಸೂರಿಂದ:
ಎಲ್ಲರನ್ನೂ ಫ್ಯಾಕ್ಟರಿಗೇ ಕಳಿಸ್ಬೇಕು ಅಂತೇನಿಲ್ಲ. ಊರು ಬಿಡೋಕೆ ಆಗ್ದೇ ಇರೋರಿಗೆ, ಮನೇಲಿ ಹುಷಾರಿಲ್ದೋರು ಇರೋರಿಗೆ, ರುಡ್‌ಸೆಟ್ ಮಾದರಿ ಸ್ವಂತ ಉದ್ಯೋಗದ ತರಬೇತಿ ಒಳ್ಳೇದು. 1982ರಲ್ಲಿ ಉಜಿರೆಯಲ್ಲಿ ಶುರುವಾಗಿದ್ದು, ಅದನ್ನೇ ನೋಡಿ ಆಮೇಲೆ ಜಿಲ್ಲೆ ಜಿಲ್ಲೆಗೆ ಆರ್‌ಸೆಟಿ ಅನ್ನೋ ತರಬೇತಿ ಕೇಂದ್ರ ಮಾಡಿದ್ದು, ಊಟ ವಸತಿ ಸಮೇತ ಫ್ರೀ. ನನ್ನ ತಮ್ಮ ಮೊಬೈಲ್ ರಿಪೇರಿ ಕಲ್ತಿದ್ದು ಅಲ್ಲೇ. ಐಟಿಐ ಆದವರಿಗೆ ಅಪ್ರೆಂಟಿಸ್ ನೋಡಿ, ಸ್ಟೈಪೆಂಡ್ ಕಮ್ಮಿ ಅನ್ಸುತ್ತೆ, ಆದ್ರೆ ಅಲ್ಲಿ ಕಲಿಯೋನು ಅಂತಾನೇ ಸೇರ್ಸ್ಕೊಂಡಿರ್ತಾರೆ, ತಪ್ಪು ಮಾಡಿದ್ರೆ ತಿದ್ದೋಕೆ ಒಬ್ಬರು ಇರ್ತಾರೆ, ನಮ್ಮ ಮಕ್ಕಳಿಗೆ ಮೊದಲ ವರ್ಷ ಅದು ತುಂಬಾ ಮುಖ್ಯ.

ಶಹಾಪುರದಿಂದ:
ಎಲ್ಲಾರೂ ಇಷ್ಟು ಬಿಡಿಸಿ ಹೇಳಿದ್ದಕ್ಕ ಭಾಳ ಉಪಕಾರ ಆತ್ರಿ. ಹೊಸಪೇಟಿ ಅಕ್ಕಾರ, ನೀವು ಕೇಳಿದ ಮ್ಯಾಲೆ ಫೋನ್ ಹಚ್ಚಿ ಕೇಳಿದೆ, ಉಳಿದ ಮೂರೂ ಮಂದಿ ಒಂದೇ ರೂಮಿನಾಗ ಅದಾರ, ಅದು ಅವ್ರ ಸೋದರಮಾವ ಹಿಡಿದು ಕೊಟ್ಟಿದ್ದಂತ. ನನಗ ಇದು ತಿಳಿದೇ ಇರಲಿಲ್ಲ. ಮುಂದಿನ ತಿಂಗಳು 4 ಮಂದಿ ಹೊರಟಾರ, ಇವತ್ತು ಸಂಜೀಕ ಎಲ್ಲಾರದೂ ಆಧಾರು, ಮಾರ್ಕ್ಸ್ ಕಾರ್ಡು ತರಿಸಿ ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ಮಂದಿದು ಹೆಸರು ಕೂಡವಲ್ದು. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಅವ್ರನ್ನ ಕರ್ಕೊಂಡು ಆಧಾರ್ ಸೆಂಟರಿಗೆ ಹೊಂಟೀನಿ.