ಅಪ್‌ಡೇಟ್: ಕಾಸರಗೋಡಿನ ಊರ ಹೆಸರು ಸರಿಪಡಿಸುವ ಅರ್ಜಿ

ಕೇರಳದಲ್ಲಿರುವ ನಮ್ಮ ಕಾಸರಗೋಡಿನ ಮಧೂರು, ಪಿಲಿಕುಂಜೆಯಂಥ ಊರ ಹೆಸರುಗಳ ಮೂಲರೂಪವನ್ನು ಸರಕಾರಿ ದಾಖಲೆಯಲ್ಲಿ ಉಳಿಸಿಕೊಳ್ಳುವುದು ಹೇಗೆ ಎಂದು ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಧನ್ಯವಾದ. ತಿಳಿದುಬಂದದ್ದು ಇಷ್ಟು.

ಪಂಚಾಯತ್ ಠರಾವು ಮಾಡಿದ ಮಾತ್ರಕ್ಕೆ ಊರಿನ ಹೆಸರು ಬದಲಾಗದು. ಪ್ರಸ್ತಾವ ರಾಜ್ಯ ಸರಕಾರದ ಮೂಲಕ ಕೇಂದ್ರ ಗೃಹ ಸಚಿವಾಲಯಕ್ಕೆ ಹೋಗಬೇಕು. ಅಲ್ಲಿ ರೈಲ್ವೆ, ಅಂಚೆ ಇಲಾಖೆ, ದೇಶದ ನಕ್ಷೆ ತಯಾರಿಸುವ ಸರ್ವೆ ಆಫ್ ಇಂಡಿಯಾಗಳ ಅಭಿಪ್ರಾಯ ಕೇಳುತ್ತಾರೆ. ಅದೇ ಹೆಸರಿನ ಇನ್ನೊಂದು ಊರು ಆಸುಪಾಸಿನಲ್ಲಿದ್ದರೆ ತೊಡಕು. ನಿರಾಕ್ಷೇಪಣೆ ಸಿಕ್ಕಿದ ಮೇಲೆ ರಾಜ್ಯದ ಅಧಿಸೂಚನೆ.

ಎಡವುವುದು ಕಾರಣ ಬರೆಯುವಲ್ಲಿ. 1953ರ ಕೇಂದ್ರ ಮಾರ್ಗಸೂಚಿಯ ಪ್ರಕಾರ ಜನರಿಗೆ ರೂಢಿಯಾದ ಹೆಸರನ್ನು ವಿಶೇಷ ಕಾರಣವಿಲ್ಲದೆ ಬದಲಿಸುವಂತಿಲ್ಲ, ಬರೀ ಭಾಷಾಭಿಮಾನ ಸಾಲದು. ಹಾಗಾಗಿ "ಇದು ಕನ್ನಡದ ಊರು" ಎಂದಷ್ಟೇ ಬರೆಯಬೇಡಿ. ರೂಢಿಯ ಹೆಸರು ಇದೇ ಎಂದು ತೋರಿಸಿ. ಈ ನಿಯಮ ನಿಜಕ್ಕೂ ನಮ್ಮ ಪರವಾಗಿಯೇ ಇದೆ. 1956ರ ನವೆಂಬರ್ 1ಕ್ಕೆ ಮೊದಲು ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತಲ್ಲ, ಆ ಕಾಲದ ಭೂದಾಖಲೆ, ಆಸ್ತಿಯ ಆಧಾರಪತ್ರ, ಶಾಲಾ ದಾಖಲಾತಿ ಪುಸ್ತಕದ ಪ್ರತಿಗಳನ್ನು ಲಗತ್ತಿಸಿ. ಹೆಸರನ್ನು ಕನ್ನಡ, ಮಲಯಾಳಂ, ಇಂಗ್ಲಿಷ್ ಮೂರೂ ಲಿಪಿಯಲ್ಲಿ ಬರೆಯಿರಿ. ದೀರ್ಘ ಹ್ರಸ್ವವಾಗುವುದು, ಕೊನೆಯ ಸ್ವರ ಬಿದ್ದುಹೋಗುವುದು ಲಿಪಿ ಬದಲಾಗುವಾಗಲೇ.

ಗುಡ್ಡ, ತೋಡು (ಹಳ್ಳ)ಗಳ ಹೆಸರಾದರೆ ಅಕ್ಷಾಂಶ-ರೇಖಾಂಶವನ್ನೂ ಕೊಡಿ. ಅರ್ಜಿ ಕನ್ನಡದಲ್ಲೇ ಇರಲಿ: ಕೇರಳದ 1969ರ ಆಡಳಿತ ಭಾಷಾ ಕಾಯ್ದೆ ನಮಗೆ ಆ ಹಕ್ಕು ಕೊಟ್ಟಿದೆ.